ಅಮಾವಾಸ್ಯೆಯ ದಿನದ ಎಣಿಕೆ

ಮೊನ್ನೆ ಗುರುವಾರ ಬೆಳಿಗ್ಗೆ ಏಳು ಇಪ್ಪತ್ತಕ್ಕೆ, ಬಾಗಲಕೋಟೆಯ ನವನಗರದಲ್ಲಿ ನಾನು ಬಾಡಿಗೆಗಿರುವ ಮನೆಯ ಕೆಳಗಡೆ ಯಾರೋ ಹತ್ತಿಯ ಸೀರೆಗೆ ಹಾಕಲು ಗಂಜಿ ಕಾಯಿಸುತ್ತಿದ್ದರು. ತಳ ಹಿಡಿದ ಗಂಜಿಯ ಆ ವಾಸನೆ ಮೆಟ್ಟಿಲು ಹತ್ತಿ ಬಂದಾಗ ಕೈಯಲ್ಲಿ ಬ್ರಷ್ ಹಿಡಿದು ಹಾಗೇ ನಿಂತುಬಿಟ್ಟೆ. ಇಳಕಲ್ಲಿನ ನಮ್ಮ ಓಣಿ ನೆನಪಾಯಿತು. ಅದಕ್ಕಿಂತ ಮೊದಲು ಚಿಗವ್ವ ನೆನಪಾದಳು...

ಚಿಗವ್ವ ಎಂದರೆ ಚಿಕ್ಕಮ್ಮ, ಆದರೆ ಅವಳು ನನ್ನ ಸ್ವಂತ ಚಿಗವ್ವನಲ್ಲ. ಎದುರು ಮನೆಯವಳು, ಇಡೀ ಓಣಿಗೆ ಚಿಗವ್ವ. ಮನೆಯಲ್ಲಿ ಎರಡು ಮಗ್ಗಗಳಿದ್ದವು. ಮಗ್ಗಕ್ಕೆ ಏರಿಸುವ ಉದ್ದ ಎಳೆಗಳನ್ನು ನಮ್ಮಲ್ಲಿ ಹಾಸು ಎನ್ನುತ್ತಾರೆ. ಏರಿಸುವ ಮೊದಲು ಅದನ್ನು ಓಣಿಯ ಉದ್ದಕ್ಕೂ ಕೋಲುಗಳ ಮೇಲೆ ಚಾಚಿ, ಗಂಜಿ ಹಚ್ಚಿ, ಬಿಸಿಲು ಏರುವುದರೊಳಗೆ ಒಣಗಿಸಬೇಕು. ನಮ್ಮ ಓಣಿಯ ಹನ್ನೊಂದು ಮನೆಗಳಿಗೂ ಆ ಕೆಲಸ ಮಾಡುತ್ತಿದ್ದವಳು ಅವಳೇ. ಎರಡೂ ಬದಿಯ ಗೋಡೆಗಳು ಗಾಳಿ ತಡೆಯುತ್ತಿದ್ದವು. ಬಯಲಿನಲ್ಲಿ ಚಾಚಿದರೆ ಎಳೆ ನಿಲ್ಲುತ್ತಿರಲಿಲ್ಲ.

ಆ ಹೊತ್ತಿನಲ್ಲಿ ಯಾರಾದರೂ ಬೈಕಿನಲ್ಲಿ ಬಂದರೆ ದೂರದಿಂದಲೇ ಕೂಗುತ್ತಿದ್ದಳು.

"ಏ ತಮ್ಮಾ, ಇಳದು ನೂಕ್ಕೋಂತ ಹೋಗ! ಎಳಿ ಹರದ್ರ ನಿನ್ನ ಮೀಸಿ ಕಿತ್ತು ಜೋಡಸ್ತೇನಿ!"

ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಇಳಿದು ನೂಕಿಕೊಂಡು ಹೋಗುತ್ತಿದ್ದರು.

ನಾನು ಡಿಗ್ರಿ ಮುಗಿಸಿದ ವರ್ಷ ಊರಿನಲ್ಲಿ ಒಂದು ಸಮೀಕ್ಷೆ ನಡೆಯಿತು. ಊರು ಬೆಳೆಯುತ್ತಿತ್ತು. ಮುಂದಿನ ಇಪ್ಪತ್ತು ವರ್ಷಕ್ಕೆ ರಸ್ತೆ ಎಲ್ಲಿ, ಮಾರುಕಟ್ಟೆ ಎಲ್ಲಿ, ಬಡಾವಣೆ ಎಲ್ಲಿ ಎಂದು ಈಗಲೇ ನಕಾಶೆ ಮಾಡಿಡಬೇಕಿತ್ತು. ಒಂದೊಂದು ಓಣಿಯಲ್ಲಿ ಒಂದೊಂದು ದಿನ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಕುಳಿತು, ಅಲ್ಲಿ ಏನೇನು ಓಡಾಡುತ್ತದೆ, ಏನೇನು ನಡೆಯುತ್ತದೆ ಎಂದು ಎಣಿಸುವ ತಾತ್ಕಾಲಿಕ ಕೆಲಸ ನನಗೆ ಸಿಕ್ಕಿತು. ಹೈಸ್ಕೂಲಿನಿಂದಲೂ ಡೈರಿ ಬರೆಯುವ, ಬಸ್ಸು ಬಂದ ಹೊತ್ತನ್ನೂ ಗುರುತು ಹಾಕುವ ನನಗೆ ಅದು ಹೇಳಿ ಮಾಡಿಸಿದ ಕೆಲಸ. ಯಾವ ದಿನ ಯಾವ ಓಣಿ ಎಂಬ ಪಟ್ಟಿಯನ್ನು ನಾನೇ ಮಾಡಿಕೊಂಡೆ. ನಮ್ಮ ಓಣಿಯನ್ನು ಕೊನೆಗೆ ಇಟ್ಟೆ. ಅದು ಮಂಗಳವಾರಕ್ಕೆ ಬಂತು.

ಆ ಮಂಗಳವಾರ ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮ ಓಣಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ, ಹಾಸು ಚಾಚುವುದಿಲ್ಲ. ಹುಟ್ಟಿದಾಗಿನಿಂದ ಕಂಡದ್ದು. ಆದರೆ ಪಟ್ಟಿ ಮಾಡುವಾಗ ನಾನು ತಾರೀಖು ನೋಡಿದ್ದೆ, ತಿಥಿ ನೋಡಿರಲಿಲ್ಲ. ಬೆಳಿಗ್ಗೆ ಕೋಲುಗಳು ಹೊರಗೆ ಬಾರದಿದ್ದಾಗ ತಿಳಿಯಿತು. ಮರುದಿನ ಎಣಿಕೆಯ ಹಾಳೆಗಳನ್ನು ಕಚೇರಿಗೆ ಒಪ್ಪಿಸಬೇಕಿತ್ತು. ಕಂಡದ್ದನ್ನು ಮಾತ್ರ ಬರೆಯಿರಿ ಎಂದು ಹೇಳಿದ್ದರಲ್ಲ, ಬರೆದರಾಯಿತು ಅಂದುಕೊಂಡೆ.

ಬಿಡುವಾಗಿದ್ದ ಚಿಗವ್ವ ತಟ್ಟೆಯಲ್ಲಿ ಹೋಳಿಗೆ ಹಿಡಿದು ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತಳು.

"ಅಮಾಸಿ ದಿನಾನೂ ಎಣಸಾಕ ಕುಂತೀಯಲ್ಲ, ನಿಮ್ಮ ಆಫೀಸಿಗೆ ಸೂಟಿ ಇಲ್ಲೇನ?"

"ಇಲ್ಲ ಚಿಗವ್ವ."

"ಹಂಗಾದ್ರ ಆ ನಾಯೀನೂ ಬರ್ಕೋ. ನಮ್ಮ ಓಣಿ ಖಾಯಂ ಗಿರಾಕಿ ಅದು."

ನಾಯಿಗೆ ಕಾಲಂ ಇರಲಿಲ್ಲ. ಬೈಕಿಗಿತ್ತು, ಸೈಕಲ್ಲಿಗಿತ್ತು, ಎಮ್ಮೆಗೂ ಇತ್ತು. ಕೊನೆಯದು ‘ಓಣಿಯ ಇತರ ಬಳಕೆ’. ಸಂಜೆ ಆರಕ್ಕೆ ಅಲ್ಲಿ ಏನೂ ಇಲ್ಲವೆಂದು ಒಂದು ಗೆರೆ ಎಳೆದು ಹಾಳೆ ಮಡಚಿದೆ. ಅವಳು ನೋಡುತ್ತಲೇ ಇದ್ದಳು.

ನನ್ನ ಕೆಲಸ ಅಚ್ಚುಕಟ್ಟು ಎಂದು, ಸಮೀಕ್ಷೆ ನಡೆಸಿದ ಬಾಗಲಕೋಟೆಯ ಕಚೇರಿಯಲ್ಲೇ ಉಳಿಸಿಕೊಂಡರು. ಕೆಲವು ತಿಂಗಳ ಮೇಲೆ ಕರಡು ನಕಾಶೆ ಹೊರಬಂತು. ಹೊಸ ಬಡಾವಣೆಗೆ ಹೋಗುವ ಅಗಲವಾದ ರಸ್ತೆಯೊಂದು ನಮ್ಮ ಓಣಿಯ ಮೇಲೇ ಹಾದುಹೋಗಿತ್ತು. ತಕರಾರು ಇದ್ದವರು ಬರೆದುಕೊಡಬಹುದು ಎಂದಿದ್ದರು. ಚಿಗವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಅವಳು ಹೇಳಿದಳು, ನಾನು ಬರೆದೆ, ಅವಳು ಹೆಬ್ಬೆಟ್ಟು ಒತ್ತಿದಳು. ಬಾಗಲಕೋಟೆಯಲ್ಲಿ ವಿಚಾರಣೆ ನಡೆದ ದಿನ ರಜೆ ಹಾಕಿ ನಾನೇ ಅವಳ ಜೊತೆಗೆ ಹೋದೆ.

ಅಧಿಕಾರಿ ಬೇರೆ ಕಚೇರಿಯವರು, ನನ್ನ ಗುರುತಿರಲಿಲ್ಲ, ಆದರೆ ಒಳ್ಳೆಯವರೇ. ಪೂರ್ತಿ ಓದಿ, ಕಡತದಿಂದ ಒಂದು ಹಾಳೆ ತೆಗೆದು ಅವಳ ಮುಂದಿಟ್ಟರು. ನನ್ನದೇ ಹಾಳೆ. ಮೇಲೆ ಹೆಸರಿರಲಿಲ್ಲ, ಒಂದು ಸಂಖ್ಯೆ ಮಾತ್ರ.

"ದಿನಾ ಹಾಸು ಚಾಚ್ತೇವಿ ಅಂತೀರಿ. ಇಲ್ಲಿ ಇಡೀ ದಿನ ಏನೂ ಇಲ್ಲ ಅಂತ ಗೆರಿ ಎಳದಾರ ನೋಡ್ರಿ. ಯಾರು ಎಣಿಸಿದ್ರು, ಗೊತ್ತೈತೇನು? ಗೊತ್ತಿದ್ರ ಹೇಳ್ರಿ, ಕರೆಸಿ ಕೇಳೋಣು."

ಚಿಗವ್ವ ಆ ಗೆರೆಯನ್ನು ನೋಡಿದಳು. ಅಕ್ಷರ ಬಾರದಿದ್ದರೂ ಗೆರೆ ಗುರುತಾಗದೇ ಇರುತ್ತದೆಯೇ... ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಅಂದು ಅಮಾವಾಸ್ಯೆ ಎಂದು ಓಣಿಯವರು ಹೇಳಿದರೆ ಸಾಲದು, ಎಣಿಕೆ ತಪ್ಪಾಗಿದೆ ಎಂದು ಎಣಿಸಿದವರೇ ಬರೆದುಕೊಟ್ಟರೆ ಮತ್ತೊಮ್ಮೆ ಎಣಿಸಬೇಕು ಎಂಬ ನಿಯಮ ನನಗೆ ಗೊತ್ತಿತ್ತು. ಬಾಯಿ ತೆರೆದರೆ ನನ್ನ ಕೆಲಸ ಹೋಗಬಹುದು ಎಂಬುದೂ ಗೊತ್ತಿತ್ತು.

"ನಮಗೇನು ಗೊತ್ತರೀ ಸಾಹೇಬ್ರ," ಎಂದಳು ಚಿಗವ್ವ. "ಯಾರೋ ಹೊರಗಿನವರು ಬಂದಿರಬೇಕು."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನೂ ಮಾತಾಡಲಿಲ್ಲ.

ಊರಿಗೆ ಮರಳುವಾಗ ಬಸ್ಸು ಹುನಗುಂದದಲ್ಲಿ ನಿಂತಾಗ ಇಳಿದು ಹೋಗಿ ಚುರುಮುರಿ ತಂದಳು. "ತಿನ್ನ. ಮುಂಜಾನಿಂದ ಏನೂ ತಿಂದಿಲ್ಲ ನೀ," ಎಂದಳು.

ತಕರಾರು ಬಿದ್ದುಹೋಯಿತು. ಕಟ್ಟೆಗಳನ್ನು ಒಡೆದರು, ಡಾಂಬರು ಬಂತು, ಲಾರಿಗಳೂ ಬಂದವು. ಚಿಗವ್ವ ನಾಲ್ಕು ಸಲ ಊರ ಹೊರಗಿನ ಬಯಲಿನಲ್ಲಿ ಹಾಸು ಚಾಚಿ ನೋಡಿದಳು. ನಾಲ್ಕು ಸಲವೂ ಗಾಳಿಗೆ ಎಳೆ ಹರಿಯಿತು. ಮಗ್ಗಗಳನ್ನು ಬಿಚ್ಚಿ, ಹುನಗುಂದಕ್ಕೆ ಮಗಳ ಮನೆಗೆ ಹೋದಳು.

ಒಂದು ಭಾನುವಾರ ಎಲ್ಲವನ್ನೂ ಹೇಳಿಬಿಡಬೇಕೆಂದು ಅಲ್ಲಿಗೆ ಹೋದೆ. ಅವಳು ಅಂಗಳದಲ್ಲಿ ಸುಮ್ಮನೆ ಕುಳಿತಿದ್ದಳು. ಆ ಕೈಗಳು ಸುಮ್ಮನಿದ್ದದ್ದನ್ನು ನಾನು ಅಮಾವಾಸ್ಯೆ ಬಿಟ್ಟರೆ ಬೇರೆ ದಿನ ಕಂಡಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು.

"ಖರೆ ಹೇಳ ಯವ್ವಾ. ಅವತ್ತು ನಾ ನಿನ್ನ ಹೆಸರು ಹೇಳಿದ್ರ ನಮ್ಮ ಓಣಿ ಉಳೀತಿತ್ತೇನು?"

"ಇಲ್ಲ ಚಿಗವ್ವ," ಎಂದೆ. "ರಸ್ತಿ ಮೊದಲ ಗೊತ್ತು ಮಾಡಿದ್ರು."

ಅವಳು ಉಸಿರು ಬಿಟ್ಟಳು. "ಹಂಗಾದ್ರ ಛಲೋ ಆತು ಬಿಡ. ಮನಸ್ಸಿನ್ಯಾಗ ಅದೊಂದು ಕೊರೀತಿತ್ತು. ಹನ್ನೊಂದು ಮನಿ ಅನ್ನ ನಾನ ಕಳದ್ನೇನೋ ಅಂತ." ಒಳಗೆ ಮಗಳನ್ನು ಕೂಗಿ ಚಹಾ ಮಾಡಲು ಹೇಳಿದಳು.

ಆ ಸುಳ್ಳನ್ನು ಅವಳಿಗಾಗಿ ಹೇಳಿದೆನೋ, ನನಗಾಗಿಯೋ... ಈವರೆಗೂ ತಿಳಿದಿಲ್ಲ. ಕಳೆದ ಶ್ರಾವಣದಲ್ಲಿ ಅವಳು ತೀರಿಕೊಂಡಳು. ನನಗೆ ಸುದ್ದಿ ಮುಟ್ಟಿದ್ದು ಮೂರು ದಿನ ತಡವಾಗಿ.

ಇವತ್ತು ಆ ಭಾನುವಾರದ ಪುಟ ತೆಗೆದು ನೋಡಿದೆ. ಬಸ್ಸು ಹತ್ತಿದ ಹೊತ್ತು, ಇಳಿದ ಹೊತ್ತು, ಚಹಾ ಕುಡಿದದ್ದು, ಎಲ್ಲವೂ ಇವೆ. ಅವಳು ಕೇಳಿದ ಪ್ರಶ್ನೆ ಇಲ್ಲ, ನನ್ನ ಉತ್ತರವೂ ಇಲ್ಲ. ಪುಟದ ಕೊನೆಯಲ್ಲಿ ಎರಡು ಸಾಲಿನಷ್ಟು ಜಾಗವಿತ್ತು. ಪ್ರಶ್ನೆಯನ್ನು ಅವಳು ಕೇಳಿದ ಹಾಗೆಯೇ ಬರೆದೆ. ಅದರ ಕೆಳಗೆ, ಕೇಳಿಸಿಕೊಳ್ಳಲು ಅವಳಿಲ್ಲ ಎಂದು ಗೊತ್ತಿದ್ದೂ, ಬರೆದೆ: ಉಳೀತಿತ್ತು ಚಿಗವ್ವ.