ರೋಮಿನಿಂದ ಮಾಲ್ಟಾಕ್ಕೆ ಎಷ್ಟು ಹೊತ್ತು?

ಇವತ್ತು ಬೆಳಿಗ್ಗೆ ಬೆಂಗಳೂರಿಗೆ ಟಿಕೆಟ್ ನೋಡೋಣವೆಂದು ಫೋನ್ ತೆರೆದರೆ, ಎಂದೋ ಹುಡುಕಿದ್ದ ‘ರೋಮ್–ಮಾಲ್ಟಾ’ ತಾನಾಗಿ ಎದ್ದು ನಿಂತಿತು. ನಾನು ಎರಡು ಕಡೆಗೂ ಕಾಲಿಟ್ಟವಳಲ್ಲ. ಆದರೂ ಆ ಹಾದಿಯ ಹೊತ್ತು ನನಗೆ ಮಗ್ಗಿಯ ಹಾಗೆ ಬಾಯಿಪಾಠ. ಯಾಕೆಂದು ಹೇಳುತ್ತೇನೆ, ಕೇಳಿ.

ಅಮೆರಿಕದ ಆಶ್‌ಬರ್ನ್‌ನಲ್ಲಿ ನಮ್ಮ ಪಕ್ಕದ ಟೌನ್‌ಹೌಸಿನಲ್ಲಿ ಲಿಲ್ಲಿ ಆಂಟಿ ಇದ್ದಾರೆ. ಉಡುಪಿ ಕಡೆಯವರು, ಈಗ ಮಗಳ ಜೊತೆ ಇಲ್ಲೇ. ಎರಡು ವರ್ಷದ ಹಿಂದೆ ಚರ್ಚಿನವರೊಂದಿಗೆ ರೋಮ್ ಯಾತ್ರೆಗೆ ಹೆಸರು ಕೊಟ್ಟಿದ್ದರು. ಒಂದು ಸಂಜೆ ವಾಕಿಂಗಿನಲ್ಲಿ ಕೇಳಿದರು:

“ರೋಮಿಂದ ಮಾಲ್ಟಾಕ್ಕೆ ಎಷ್ಟು ಹೊತ್ತು, ನೋಡು ಮಾರಾಯ್ತಿ.”

“ಒಂದೂವರೆ ಗಂಟೆ ಅಷ್ಟೆ ಆಂಟಿ. ಡೈರೆಕ್ಟ್ ಫ್ಲೈಟ್ ಇದೆ. ಏಳ್ನೂರು ಕಿಲೋಮೀಟರ್ ಕೂಡ ಇಲ್ಲ.”

“ಅಷ್ಟೇಯಾ? ಸರಿಯಾಗಿ ನೋಡು. ನಡುವೆ ಸಮುದ್ರ ಉಂಟಲ್ಲ!”

ಮರುದಿನ ಮತ್ತೆ ಅದೇ ಪ್ರಶ್ನೆ. ಅದರ ಮರುದಿನವೂ. ಆಂಟಿಗೆ ಮರೆವು ಶುರುವಾಗಿದೆ ಎಂದು ತೀರ್ಮಾನಿಸಿ, ಮಹಾ ಬುದ್ಧಿವಂತೆಯಾದ ನಾನು ಅವರ ಮಗಳಿಗೆ ತಿಳಿಸಲೂ ಹೊರಟಿದ್ದೆ.

ಅಷ್ಟರಲ್ಲಿ ಅವರೇ ಹೇಳಿದರು. ಮಾಲ್ಟಾದಲ್ಲಿ ಅವರ ತಂಗಿ ಸ್ಟೆಲ್ಲಾ ನರ್ಸು. 2020ರಲ್ಲಿ ಉಡುಪಿಯಲ್ಲಿ ಅಮ್ಮ ತೀರಿಕೊಂಡಾಗ ವಿಮಾನಗಳೆಲ್ಲ ನಿಂತಿದ್ದವು. ಸ್ಟೆಲ್ಲಾಗೆ ಬರಲಾಗಲಿಲ್ಲ. ಒಬ್ಬರೇ ಅಮ್ಮನ ಆರೈಕೆ ಮಾಡಿ ಸೋತಿದ್ದ ಆಂಟಿ ಫೋನಿನಲ್ಲಿ, “ಮನಸ್ಸಿದ್ದವಳು ಹೇಗಾದರೂ ಬರ್ತಿದ್ದಳು” ಎಂದುಬಿಟ್ಟರು. ಆಮೇಲೆ ಹಬ್ಬಕ್ಕೊಂದು ಮೆಸೇಜು, ಅಷ್ಟೆ. ಈಗ ಅಕ್ಕ ರೋಮಿಗೆ ಬರುವ ಸುದ್ದಿ ತಿಳಿದು ಸ್ಟೆಲ್ಲಾ, “ಇಲ್ಲಿಗೂ ಬಾ” ಎಂದು ಬರೆದಿದ್ದರು.

“ತುಂಬಾ ದೂರ ಅಂತ ಹೇಳುವ ಅಂತಿದ್ದೆ,” ಎಂದರು ಆಂಟಿ. “ನಿನ್ನ ಫೋನು ಬಿಡುವುದಿಲ್ಲ.”

“ಹೋಗ್ಬನ್ನಿ ಆಂಟಿ. ನಾನೇ ಬುಕ್ ಮಾಡ್ತೀನಿ.”

“ಅವಳ ಮುಖ ನೋಡಿ ಎಂತ ಹೇಳುವುದು?”

ನಾನು ಟಿಕೆಟ್ ಬುಕ್ ಮಾಡಿದೆ.

ಯಾತ್ರೆ ಮುಗಿಸಿ ಆಂಟಿ ಒಬ್ಬರೇ ಮಾಲ್ಟಾಕ್ಕೆ ಹೋದರು. ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸುತ್ತಿದ್ದರಂತೆ. ಎರಡನೆಯ ವಾಕ್ಯ ಕೂಡಿಬರುವಷ್ಟರಲ್ಲಿ ವಿಮಾನ ಇಳಿದೇಬಿಟ್ಟಿತಂತೆ. ಹೊರಗೆ ಕಾಯುತ್ತಿದ್ದ ತಂಗಿ, “ತಲೆ ಎಂತಕ್ಕಾ ಇಷ್ಟು ಬೆಳ್ಳಗೆ?” ಎಂದರು. “ನಿನ್ನದು ಡೈ ಅಲ್ವಾ?” ಎಂದು ಬಾಯಿಗೆ ಬಂದದ್ದನ್ನು ಹೇಳಿ ಆಂಟಿ ಅತ್ತುಬಿಟ್ಟರು.

ಅಮ್ಮನ ಮಾತು ಬಂದದ್ದು ಮೂರನೆಯ ದಿನ, ಅಡುಗೆಮನೆಯಲ್ಲಿ ಮೀನು ಕೊಯ್ಯುವಾಗ.

“ನಾನು ಹಾಗೆ ಹೇಳಬಾರದಿತ್ತು, ಸ್ಟೆಲ್ಲಾ.”

“ನಾನು ಅವತ್ತು ಏರ್‌ಪೋರ್ಟಿನವರೆಗೆ ಹೋಗಿದ್ದೆ ಅಕ್ಕಾ,” ಎಂದರಂತೆ ಸ್ಟೆಲ್ಲಾ, ತಲೆಯೆತ್ತದೆ. “ಬಾಗಿಲು ಹಾಕಿತ್ತು.”

ಇದನ್ನು ನನಗೆ ಹೇಳಿದ ದಿನ ಆಂಟಿ ವಾಕಿಂಗನ್ನು ಅರ್ಧಕ್ಕೇ ನಿಲ್ಲಿಸಿ ಮನೆಗೆ ಹೋದರು.

ಇವತ್ತು ಸ್ಟೆಲ್ಲಾ ಮೊದಲ ಸಲ ಇಲ್ಲಿಗೆ ಬರುತ್ತಿದ್ದಾರೆ. ಆಂಟಿಯ ಮಗಳಿಗೆ ಆಫೀಸು, ಹಾಗಾಗಿ ಕಾರು ನನ್ನದು. ವಿಮಾನ ಇಳಿಯುವುದು ಮೂರು ಗಂಟೆಗೆ. ಏರ್‌ಪೋರ್ಟು ನಮ್ಮ ಮನೆಯಿಂದ ಹದಿನೈದು ನಿಮಿಷ. ಹನ್ನೆರಡಕ್ಕೇ ಆಂಟಿ ಇಸ್ತ್ರಿ ಮಾಡಿದ ಸೀರೆಯುಟ್ಟು ನನ್ನ ಬಾಗಿಲಲ್ಲಿ ನಿಂತಿದ್ದರು.

“ಹೊರಡುವಾ?”

ಮೊದಲಾಗಿದ್ದರೆ ಫೋನ್ ತೆಗೆದು ಎಷ್ಟು ನಿಮಿಷವೆಂದು ಪಾಠ ಹೇಳುತ್ತಿದ್ದೆ. ಚಪ್ಪಲಿ ಮೆಟ್ಟಿಕೊಂಡು ಕಾರು ತೆಗೆದೆ.