ಮೀಟರಮ್ಮ ಮಾಡಿದ ಟ್ರೇ

ಅಲ್ಲ, ನಮ್ ಚಿಕ್ಕಮ್ಮಂಗೆ ಅಳತೆ ಬರಲ್ಲ ಅಂತ ನಾನ್ ಹೇಳೇ ಇಲ್ಲ! ಇಪ್ಪತ್ತೆರಡು ವರ್ಷದಿಂದ ಬಟ್ಟೆ ಅಂಗಡೀಲಿ ಮೀಟರ್‌ಗಟ್ಲೆ ಅಳೆದು ಹರೀತಾಳೆ. ಬೀದೀಲೆಲ್ಲ ಅವಳ ಹೆಸರೇ ಮೀಟರಮ್ಮ. ಅದಕ್ಕೇ ಅವತ್ತು ಆಗಿದ್ದು ನಂಗೆ ಇನ್ನೂ ಸರಿಯಾಗಿ ತಲೆಗೆ ಹೋಗಿಲ್ಲ.

ಸೊಂಟದ ಆಪರೇಷನ್ ಆದ್ಮೇಲೆ ಚಿಕ್ಕಪ್ಪ ವಾಕರ್ ಹಿಡ್ಕೊಂಡೇ ನಡಿಯೋದು. ಎರಡೂ ಕೈ ಅದರ ಮೇಲೆ. ಟೀ ಮಾಡ್ಕೋತಾರೆ, ಆದ್ರೆ ಲೋಟ ಹಿಡಿಯೋಕೆ ಕೈಯೆಲ್ಲಿ? ಸಿಂಕ್ ಪಕ್ಕ ನಿಂತೇ ಕುಡೀತಾರೆ. ಚಿಕ್ಕಮ್ಮ "ನಾನ್ ತಂದ್ಕೊಡ್ತೀನಿ" ಅಂದ್ರೆ ಮುಖ ಊದಿಸ್ಕೊಳ್ಳೋದು. "ನನ್ ಟೀ ನಾನೇ ಹೊರಗಡೆ ತಗೊಂಡ್ಹೋಗಿ ಕೂತು ಕುಡೀಬೇಕು ಕಣೇ. ಅಷ್ಟೂ ಆಗ್ದಿದ್ರೆ ಹೆಂಗೆ?" ಅಂದ್ರಂತೆ.

ಮಾರನೇ ದಿನವೇ ಚಿಕ್ಕಮ್ಮ ಒಂದೂವರೆ ಮೀಟರ್ ಅಲ್ಯೂಮಿನಿಯಂ ಚೌಕ ಪೈಪು ಹೊತ್ಕೊಂಡು ಬಂದ್ಲು. ವಾಕರ್ ಮೇಲೆ ಟ್ರೇ ಕೂರ್ಸೋಕೆ ಚೌಕಟ್ಟು!

ಬಟ್ಟೆ ಒಗಿಯೋ ಜಾಗದ ಪಕ್ಕದ ರೂಮೇ ಅವಳ ವರ್ಕ್‌ಶಾಪು. ಅಲ್ಯೂಮಿನಿಯಂ ಮೆತ್ತಗೆ ನೋಡಿ, ಗರಗಸದ ಹಲ್ಲಿಗೆ ಮೆತ್ಕೊಳ್ಳುತ್ತೆ, ಅದಕ್ಕೆ ಬ್ಲೇಡಿಗೆ ಮೇಣದಬತ್ತಿ ಉಜ್ಜಿ ಕುಯ್ತಾಳೆ. ಎಲ್ಲಾ ಅಚ್ಚುಕಟ್ಟು, ಟೇಪ್ ಒಂದು ಬಿಟ್ಟು. ಅದರ ತುದಿ ಮುರಿದಿದೆ. ಗಂಡ ಹೆಂಡ್ತಿ ಇಬ್ರೂ ಯಾವಾಗ್ಲೂ ಹತ್ತು ಸೆಂಟಿಮೀಟರ್ ಗೆರೆಯಿಂದ ಅಳೆಯೋದು, ಆಮೇಲೆ ಹತ್ತು ಕಳೆಯೋದು. ಹೊಸದು ತಗೊಳ್ಳಿ ಅಂದ್ರೆ "ಇದಕ್ಕೇನಾಗಿದೆ?" ಅಂತ ಇಬ್ರೂ ಒಟ್ಟಿಗೆ ಮೇಲೆ ಬೀಳ್ತಾರೆ.

ಚಿಕ್ಕಪ್ಪ ವಾಕರ್ ಅಳೆದು "ಅಗಲ ನಲವತ್ತೆರಡು, ಆಳ ಮೂವತ್ತು" ಅಂತ ಕೂಗಿದ್ರು. ಚಿಕ್ಕಮ್ಮ ನಾಲ್ಕು ತುಂಡು ಕುಯ್ದಳು. ವಾಕರ್ ಮೇಲಿಟ್ರೆ, ಒಳಗೆ ಬಿದ್ದೇಹೋಯ್ತು!

"ನೀವು ತಪ್ಪು ಕೂಗಿದ್ರಿ."

"ನೀನು ತಪ್ಪು ಕುಯ್ದೆ. ಅಂಗಡೀಲೂ ಹಿಂಗೇನಾ? ಪಾಪ, ಗಿರಾಕಿಗಳ ಪ್ಯಾಂಟೆಲ್ಲ ಮೊಣಕಾಲಿಗೇ ನಿಂತಿರುತ್ತೆ."

ಸಿಟ್ಟಿಂದ ತುಂಡಿಗೆ ಟೇಪ್ ಹಿಡಿದ್ಲು. "ನೋಡ್ರೀ, ನಲವತ್ತೆರಡೇ ತೋರಿಸ್ತಿದೆ!" ನಾನೂ ಬಗ್ಗಿ ನೋಡ್ದೆ. ಹೌದು, ನಲವತ್ತೆರಡೇ. ಅಳತೆ ಸರಿ, ಕುಯ್ದಿದ್ದು ಸರಿ, ಕೂರಲ್ಲ ಅಂದ್ರೆ? ವಾಕರ್ರೇ ಹಿಗ್ಗಿತಾ? ಚಿಕ್ಕಮ್ಮ ಗರಗಸ ಕೆಳಗಿಟ್ಟು ಕೂತ್ಬಿಟ್ಳು. "ಹೋಗ್ಲಿ ಬಿಡೇ, ನಿಂತೇ ಕುಡೀತೀನಿ" ಅಂದ್ರು ಚಿಕ್ಕಪ್ಪ. ಆ ಮಾತಿಗೆ ಅವಳ ಮುಖ ನೋಡಕ್ಕಾಗ್ಲಿಲ್ಲ.

ಆಮೇಲೆ ಚಿಕ್ಕಪ್ಪನೇ ಮೂಲೇಲಿದ್ದ ಪೈಪು ತೋರಿಸಿ, "ಲೆಕ್ಕ ಹಾಕಿ ತಂದಿದ್ದಲ್ವಾ? ಮೊಳದುದ್ದ ಎಲ್ಲಿಂದ ಉಳೀತು?" ಅಂದ್ರು.

ಇಬ್ರೂ ಮುಖ ಮುಖ ನೋಡ್ಕೊಂಡ್ರು. ಚಿಕ್ಕಪ್ಪ ಹತ್ತು ಕಳೆದೇ ಕೂಗಿದ್ರು. ಚಿಕ್ಕಮ್ಮ ಕಳೆದಿಲ್ಲ ಅಂದ್ಕೊಂಡು ಅದರಲ್ಲಿ ಇನ್ನೊಂದ್ ಹತ್ತು ಕಳೆದು ಕುಯ್ದಿದ್ಲು. ಪರೀಕ್ಷೆ ಮಾಡುವಾಗ ಹತ್ತರಿಂದ ಹಿಡಿದು, ಕಳೆಯೋದೇ ಮರೆತಿದ್ಲು! ನಾನು ಬೆರಳೆಣಿಸಿ ಮೂರು ಸಲ ನೋಡ್ದೆ, ಒಂದೊಂದ್ಸಲ ಒಂದೊಂದು ಬಂತು.

ಉಳಿದ ಪೈಪನ್ನ ಹತ್ತತ್ತು ಸೆಂಟಿಮೀಟರಿಗೆ ಕುಯ್ದು, ಗಿಡ್ಡ ತುಂಡುಗಳಿಗೆ ಸೇರಿಸಿದ್ಲು. ಒಳಗೆ ಬಿಗಿಯಾಗಿ ಕೂರೋ ಇನ್ನೊಂದು ಸಣ್ಣ ಪೈಪು ತೂರ್ಸಿ, ತೂತು ಕೊರೆದು, ರಿವೆಟ್ ಮೊಳೆ ಹೊಡೆದ್ಲು. ಚೌಕಟ್ಟಿನ ಮೈಯೆಲ್ಲಾ ತೇಪೆ. ಆದ್ರೆ ಕೂತ್ಕೊಳ್ತು! ಟ್ರೇ ಮೇಲೆ ಲೋಟ ಇಟ್ಕೊಂಡು ಚಿಕ್ಕಪ್ಪ ಹೊಸ್ತಿಲ ತನಕ ಬಂದ್ರು, ಅಲ್ಲಿ ಅರ್ಧ ಚೆಲ್ಲಿದ್ರು. ಚಿಕ್ಕಮ್ಮ ಎದ್ದೇಳೋಕೆ ಹೋದ್ಲು. "ಕೂತ್ಕೋ" ಅಂದ್ರು. ಮಿಕ್ಕಿದ್ದರ್ಧ ಹೊರಗೆ ಕುರ್ಚೀಲಿ ಕೂತೇ ಕುಡಿದ್ರು.

ನೀವೂ ಒಂದ್ಸಲ ಹೋಗಿ ಬನ್ನಿ. ಸಂಜೆ ಅವಳು ಅಂಗಡಿಯಿಂದ ಬಂದಿರ್ತಾಳೆ. ನಂಗಂತೂ ಆ ಹತ್ತರ ಲೆಕ್ಕ ಬಗೆಹರಿದಿಲ್ಲ, ನಿಮಗೆ ತಿಳಿದ್ರೆ ನಂಗೂ ಹೇಳಿ. ಟೀ ಚಿಕ್ಕಪ್ಪನೇ ತರ್ತಾರೆ. ನಿಧಾನಕ್ಕೆ ಬರುತ್ತೆ, ನೀವು ಮಾತ್ರ ಎದ್ದು ಕೈ ಹಾಕ್ಬೇಡಿ.