ನಾಲ್ಕನೆಯ ಟ್ರೇ

ನಮ್ಮ ಸೂಪರ್‌ವೈಸರ್ ಅವರ ಬಲಗೈ ಹೆಬ್ಬೆರಳು ಸದಾ ಕೆಂಪಗಿರುತ್ತಿತ್ತು. ಪೀಣ್ಯದ ಆ ಸಣ್ಣ ಕಾರ್ಖಾನೆಯಲ್ಲಿ ಅಳತೆ ತಪ್ಪಿದ ಬಿಡಿಭಾಗಕ್ಕೆ ಕೆಂಪು ಬಣ್ಣ ಬಳಿದು ರಿಜೆಕ್ಟ್ ಟ್ರೇಗೆ ಹಾಕುವುದು ಕ್ರಮ. ಕುಂಚ ಕಳೆದುಹೋಗಿ ವರ್ಷವಾಗಿತ್ತು. ಹೊಸದು ಕೇಳಲು ಅವರಿಗೆ ಸಂಕೋಚ, ಹಾಗಾಗಿ ಬೆರಳಿನಲ್ಲೇ ಬಳಿಯುತ್ತಿದ್ದರು.

ಎಂಬತ್ತರ ದಶಕದ ಆರಂಭ. ಕೈಮಾಡುವ ಗಂಡನನ್ನು ಬಿಟ್ಟು ನಾಗಸಂದ್ರದ ಅಣ್ಣನ ಮನೆ ಸೇರಿದ್ದೆ. ಕೆಲಸದ ಅರ್ಜಿಯಲ್ಲಿ ಕುಮಾರಿ, ಶ್ರೀಮತಿ ಎಂದು ಎರಡೇ ಇದ್ದವು. ನಾನು ತಡವರಿಸಿದಾಗ ಸೂಪರ್‌ವೈಸರ್ ಎರಡನ್ನೂ ಹೊಡೆದುಹಾಕಿ, "ಹೆಸರು ಬರೀಮ್ಮ, ಸಾಕು" ಎಂದರು.

ಊಟದ ಹೊತ್ತಿನಲ್ಲಿ ಅವರದೊಂದು ಹುಚ್ಚು. ಹಳೆಯ ಪತ್ರಿಕೆಗಳಿಂದ ಕತ್ತರಿಸಿದ ಗೆಲಾಕ್ಸಿಗಳ ಚಿತ್ರಗಳನ್ನು ರಟ್ಟಿಗೆ ಅಂಟಿಸಿ, ಖಾಲಿ ಟ್ರೇಗಳಲ್ಲಿ ವಿಂಗಡಿಸುತ್ತಿದ್ದರು. ಮೊಟ್ಟೆಯಾಕಾರದವು ಒಂದರಲ್ಲಿ, ಸುರುಳಿಯವು ಇನ್ನೊಂದರಲ್ಲಿ, ನಡುವೆ ಪಟ್ಟಿಯಿರುವ ಸುರುಳಿಗಳು ಮೂರನೆಯದರಲ್ಲಿ. "ಇವಕ್ಕೆ ಹೆಸರಿಲ್ವಾ ಸಾರ್?" ಎಂದು ಕೇಳಿದ್ದೆ.

"ಕೆಲವಕ್ಕಿದೆ. ಮಿಕ್ಕಿದ್ದಕ್ಕೆಲ್ಲ ವಿಜ್ಞಾನಿಗಳ ಪಟ್ಟಿಯಲ್ಲಿರೋ ನಂಬರೇ ಹೆಸರು. ನಮ್ಮ ಪಾರ್ಟ್ ನಂಬರ್ ಇದ್ದಂಗೆ ಕಣಮ್ಮ." ಮಾತಿಗೆ ಕೂತರೆ ಅವರ ಅನ್ನ ಕೈಯಲ್ಲೇ ಒಣಗುತ್ತಿತ್ತು.

ಅದೇ ದಿನಗಳಲ್ಲಿ ಅಣ್ಣ ನನ್ನನ್ನು ಗಂಡನ ಮನೆಗೆ ವಾಪಸು ಕಳಿಸುವುದೆಂದು ತೀರ್ಮಾನಿಸಿದ್ದ. ಸಾಕಾಗಿ ನಾನೂ ಹೂಂ ಅಂದಿದ್ದೆ. ಸೂಪರ್‌ವೈಸರ್ ಅವರಿಗೂ ಹೇಳಿಯಾಗಿತ್ತು. ಒಂದು ಮಧ್ಯಾಹ್ನ ಅವರು ಉಳಿದ ಚಿತ್ರಗಳನ್ನು ವಿಂಗಡಿಸಲು ನನಗೆ ಕೊಟ್ಟು ಕೈತೊಳೆಯಲು ಹೋದರು. ಏಳು ಚಿತ್ರಗಳಲ್ಲಿನ ಗೆಲಾಕ್ಸಿಗಳು ಚೆಲ್ಲಿದ ರವೆಯ ಹಾಗೆ ಅಡ್ಡಾದಿಡ್ಡಿಯಾಗಿದ್ದವು, ಯಾವ ಟ್ರೇಗೂ ಹೊಂದುತ್ತಿರಲಿಲ್ಲ. ಕೆಲಸದ ಚಾಳಿಯಿಂದ ಏಳಕ್ಕೂ ಕೆಂಪು ಬಳಿದು ರಿಜೆಕ್ಟ್‌ಗೆ ಹಾಕಿಬಿಟ್ಟೆ.

ಅವರು ಬೈಯಲಿಲ್ಲ. ಸೀಮೆಎಣ್ಣೆ ಬಟ್ಟೆಯಿಂದ ಒಂದೊಂದನ್ನೇ ಒರೆಸುತ್ತ ಕೂತರು. ಎರಡು ಹರಿದೇಹೋದವು.

"ಇವು ಕೆಟ್ಟಿರೋವಲ್ಲಮ್ಮ. ಆಕಾರ ಇಲ್ದೇ ಇರೋದೂ ಒಂದು ಥರಾನೇ. ಇವುಗಳಲ್ಲೂ ಹೊಸ ನಕ್ಷತ್ರ ಹುಟ್ತವೆ" ಎಂದು ನಾಲ್ಕನೆಯ ಟ್ರೇ ಎಳೆದುಕೊಂಡರು. ನನಗೆ ಅಳು ಬಂತು. ಅವರು ನೋಡಿಯೂ ನೋಡದವರಂತೆ ಒರೆಸುತ್ತಲೇ ಇದ್ದರು.

ಆ ಸಂಜೆ ಅಣ್ಣನಿಗೆ, "ನಾನು ಹೋಗಲ್ಲ" ಎಂದೆ. ಮಾರನೆಯ ತಿಂಗಳು ಬೇರೆ ಕೋಣೆ ಹಿಡಿದೆ. ನನ್ನ ಬದುಕು ಆಮೇಲೆ ಶುರುವಾಯಿತು.

ಕೆಲವು ವರ್ಷಗಳ ಮೇಲೆ ಅವರು ಎದೆನೋವಿನಿಂದ ತೀರಿಕೊಂಡರು. ಮನೆಯ ಬಾಗಿಲಲ್ಲಿ ಅವರ ತಂಗಿ, "ನೀವು ಅವರಿಗೆ ಏನಾಗ್ಬೇಕಮ್ಮ?" ಎಂದು ಕೇಳಿದರು. ಹೇಳಬೇಕಾದದ್ದು ಬಹಳವಿತ್ತು. "ಫ್ಯಾಕ್ಟರಿಯವಳು" ಎಂದಷ್ಟೇ ಹೇಳಿ ಗೇಟಿನ ಹತ್ತಿರ ನಿಂತೆ. ಬಾಯಿಗೆ ಅಕ್ಕಿಕಾಳು ಹಾಕಲು ಹತ್ತಿರದವರು ಬನ್ನಿ ಎಂದು ಒಳಗಿನಿಂದ ಕರೆದರು. ಒಬ್ಬೊಬ್ಬರಾಗಿ ಎಲ್ಲರೂ ಒಳಗೆ ಹೋದರು. ನಾನು ಹೋಗಲಿಲ್ಲ.